ತೂಕದ ಪಟ್ಟಿಯಲ್ಲಿ ಇಲ್ಲದ ಸಾಲು

ತಂತ್ರಾಂಶ ರಚನೆಯ ಕಚೇರಿಗಳಲ್ಲಿ ಈಗ ಯಾವ ದೊಡ್ಡ ನಿರ್ಧಾರವೂ ಬರಿಯ ಮಾತಿನಲ್ಲಿ ಆಗುವುದಿಲ್ಲ. ಹಳೆಯ ಪ್ರೋಗ್ರಾಮನ್ನು ಉಳಿಸಿಕೊಳ್ಳಬೇಕೇ, ಹೊಸದಾಗಿ ಬರೆಯಬೇಕೇ. ದತ್ತಾಂಶವನ್ನು ಸ್ವಂತ ಯಂತ್ರದಲ್ಲಿಡಬೇಕೇ, ಬಾಡಿಗೆಯ ಕ್ಲೌಡ್‌ನಲ್ಲಿಡಬೇಕೇ. ಒಂದೇ ದೊಡ್ಡ ವ್ಯವಸ್ಥೆ ಲೇಸೋ, ಹತ್ತಾರು ಚಿಕ್ಕ ಸೇವೆಗಳು ಲೇಸೋ. ಇಂಥ ಪ್ರಶ್ನೆ ಎದ್ದೊಡನೆ ಯಾರಾದರೊಬ್ಬರು ಎಕ್ಸೆಲ್ ಹಾಳೆಯೊಂದನ್ನು ತೆರೆಯುತ್ತಾರೆ. ಎಡಬದಿಯಲ್ಲಿ ಮಾನದಂಡಗಳು: ಖರ್ಚು, ವೇಗ, ಭದ್ರತೆ, ಬಿಡುಗಡೆಯ ದಿನಾಂಕ. ಪ್ರತಿಯೊಂದಕ್ಕೂ ಒಂದು ತೂಕ. ಮೇಲುಗಡೆ ಆಯ್ಕೆಗಳು. ಅಂಕ ತುಂಬಿ, ತೂಕದಿಂದ ಗುಣಿಸಿ, ಕೂಡಿದರೆ ಅಡಿಯಲ್ಲೊಂದು ಮೊತ್ತ ಬರುತ್ತದೆ. ಹೆಚ್ಚು ಮೊತ್ತ ಬಂದದ್ದು ಗೆದ್ದಂತೆ. ಗಣಿತಜ್ಞರು ಆಪ್ಟಿಮೈಸೇಶನ್ ಎಂದು ಕರೆಯುವ ಶಾಸ್ತ್ರದ ಮನೆಬಳಕೆಯ ರೂಪ ಇದು. ಕೈಯಲ್ಲಿರುವ ಕಟ್ಟುಪಾಡುಗಳೊಳಗೆ ಸಾಧ್ಯವಿರುವುದರಲ್ಲೆಲ್ಲ ಉತ್ತಮವಾದುದನ್ನು ಆರಿಸುವುದು ಅದರ ಕೆಲಸ.

ಇದನ್ನು ಕಂಡು ನಗುವುದು ಸಾಹಿತ್ಯದ ಒಲವುಳ್ಳವರಿಗೆ ಸುಲಭ. ಬದುಕನ್ನು ಅಂಕಿಗಳಿಗೆ ಇಳಿಸಬಾರದು ಎಂಬ ಮಾತು ನಮ್ಮಂಥ ಬಳಗಗಳಲ್ಲಿ ಯಾವಾಗಲೂ ಚಪ್ಪಾಳೆ ಗಿಟ್ಟಿಸುತ್ತದೆ. ಎರಡು ದಶಕ ಇದೇ ಕಸುಬಿನಲ್ಲಿ ಕಳೆದ ನನಗೆ ಆ ಚಪ್ಪಾಳೆಯಲ್ಲಿ ಸೇರುವ ಮನಸ್ಸಿಲ್ಲ. ಹಾಳೆ ಇಲ್ಲದ ಕಡೆ ನಿರ್ಧಾರ ಹೇಗೆ ಆಗುತ್ತದೆಂಬುದನ್ನು ಕಂಡಿದ್ದೇನೆ: ಗಟ್ಟಿ ದನಿಯವರದು ನಡೆಯುತ್ತದೆ, ಇಲ್ಲವೇ ಕಳೆದ ವಾರ ಯಾವುದೋ ಸಮ್ಮೇಳನಕ್ಕೆ ಹೋಗಿಬಂದವರದು ನಡೆಯುತ್ತದೆ. ರಾಸಾಯನಿಕ ತಂತ್ರಜ್ಞರಾಗಿ ಮುಂಬಯಿಯಲ್ಲೇ ದುಡಿದ ಯಶವಂತ ಚಿತ್ತಾಲರು 1979ರಲ್ಲಿ ‘ಶಿಕಾರಿ’ಯನ್ನು ಕೊಟ್ಟರು. ಅದರ ನಾಗಪ್ಪನ ಮೇಲೆ ಕಂಪನಿ ತೆಗೆದುಕೊಳ್ಳುವ ತೀರ್ಮಾನಗಳ ಹಿಂದೆ ಲೆಕ್ಕದ ಹಾಳೆ ಯಾವುದೂ ಇಲ್ಲ, ಪಿಸುಮಾತು ಇದೆ. ಪಿಸುಮಾತಿನ ಎದುರು ವಾದಿಸುವುದು ಹೇಗೆ? ಲೆಕ್ಕವನ್ನು ಬರೆದಿಟ್ಟರೆ ಅದರ ಇಂಥ ಸಾಲು ಸರಿಯಿಲ್ಲ ಎಂದು ಬೆರಳಿಟ್ಟು ತೋರಿಸಲಾದರೂ ಬರುತ್ತದೆ. ಹಾಗಾಗಿ ನನ್ನ ತಕರಾರು ಲೆಕ್ಕದ ಮೇಲಿನದಲ್ಲ. ಅರ್ಧಕ್ಕೆ ನಿಂತ ಲೆಕ್ಕವನ್ನು ಪೂರ್ಣವೆಂದು ನಂಬಿಸುವುದರ ಮೇಲಿನದು.

ಪೂರ್ಣ ಲೆಕ್ಕಕ್ಕೆ ಮೂರು ಅಂಗಗಳಿವೆ. ನಾವು ಬದಲಿಸಬಲ್ಲ ಸಂಗತಿಗಳು ಯಾವುವು. ಯಾವುದನ್ನು ಹೆಚ್ಚಿಸಬೇಕು ಅಥವಾ ಕಡಿಮೆ ಮಾಡಬೇಕು ಎಂಬ ಗುರಿ. ಮತ್ತು ಮೀರಬಾರದ ನಿರ್ಬಂಧಗಳು. ಇವುಗಳಲ್ಲಿ ಒಂದನ್ನು ಬಿಟ್ಟರೂ ಏನಾಗುತ್ತದೆ ಎಂಬುದಕ್ಕೆ ಈ ಶಾಸ್ತ್ರದ ಹುಟ್ಟಿನ ಕಾಲದ ಕತೆಯೊಂದಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ ಒಂದು ಪ್ರಶ್ನೆ ಹಾಕಿಕೊಂಡ: ಒಬ್ಬ ಮನುಷ್ಯನಿಗೆ ಬೇಕಾದ ಪೋಷಕಾಂಶಗಳೆಲ್ಲ ಅತ್ಯಂತ ಕಡಿಮೆ ಖರ್ಚಿನಲ್ಲಿ ಸಿಗಬೇಕಾದರೆ ಏನೇನು ತಿನ್ನಬೇಕು? 77 ಆಹಾರ ಪದಾರ್ಥಗಳು, 9 ಪೋಷಕಾಂಶಗಳು. ಅಂದಾಜಿನ ಮೇಲೆ ಅವನು ಹೇಳಿದ ಉತ್ತರ, 1939ರ ದರದಲ್ಲಿ ವರ್ಷಕ್ಕೆ 39 ಡಾಲರ್ 93 ಸೆಂಟ್. 1947ರಲ್ಲಿ ಜಾರ್ಜ್ ಡ್ಯಾಂಟ್ಸಿಗ್ ಸಿಂಪ್ಲೆಕ್ಸ್ ಎಂಬ ವಿಧಾನವನ್ನು ಕಂಡುಹಿಡಿದಾಗ ಇದೇ ಲೆಕ್ಕವನ್ನು ಪರೀಕ್ಷೆಗೆ ಒಡ್ಡಲಾಯಿತು. ಒಂಬತ್ತು ಗುಮಾಸ್ತರು ಮೇಜಿನ ಲೆಕ್ಕಯಂತ್ರಗಳನ್ನು ಇಟ್ಟುಕೊಂಡು ಒಟ್ಟು 120 ಆಳುದಿನ ದುಡಿದು ತೆಗೆದ ಉತ್ತರ 39 ಡಾಲರ್ 69 ಸೆಂಟ್. ಸ್ಟಿಗ್ಲರನ ಅಂದಾಜು ಬರೀ 24 ಸೆಂಟುಗಳಷ್ಟು ತಪ್ಪಿತ್ತು!

ಮುಂದಿನದು ಇನ್ನೂ ಸೊಗಸು. 1950ರ ದಶಕದಲ್ಲಿ ವೈದ್ಯರು ಡ್ಯಾಂಟ್ಸಿಗ್‌ಗೆ ಮೈತೂಕ ಇಳಿಸಲು ಹೇಳಿದರು. ತನ್ನದೇ ವಿದ್ಯೆಯನ್ನು ತನ್ನ ಹೊಟ್ಟೆಯ ಮೇಲೆ ಪ್ರಯೋಗಿಸಲು ಹೊರಟ ಆತ, ಹೊಟ್ಟೆ ತುಂಬಿದ ಭಾವನೆ ಗರಿಷ್ಠವಾಗಬೇಕು ಎಂಬ ಗುರಿಯಿಟ್ಟ. ಅದಕ್ಕೆ ಅಳತೆಯಾಗಿ ಆಹಾರದ ತೂಕದಲ್ಲಿ ನೀರಿನಂಶವನ್ನು ಕಳೆದು ಉಳಿದದ್ದನ್ನು ತೆಗೆದುಕೊಂಡ. ಕಂಪ್ಯೂಟರ್ ಕೊಟ್ಟ ಊಟದ ಪಟ್ಟಿಯಲ್ಲಿ 500 ಗ್ಯಾಲನ್ ವಿನಿಗರ್ ಇತ್ತು. ದತ್ತಾಂಶದ ಕೋಷ್ಟಕದಲ್ಲಿ ವಿನಿಗರ್ ದುರ್ಬಲ ಆಮ್ಲವೆಂದು ದಾಖಲಾಗಿ, ಅದರಲ್ಲಿ ನೀರೇ ಇಲ್ಲವೆಂದು ಎಣಿಕೆಯಾಗಿತ್ತು. ವಿನಿಗರನ್ನು ಪಟ್ಟಿಯಿಂದ ಕಿತ್ತುಹಾಕಿ ಮತ್ತೆ ಲೆಕ್ಕ ಹಾಕಿದರೆ ದಿನಕ್ಕೆ 200 ಸೂಪಿನ ಬಿಲ್ಲೆಗಳನ್ನು ತಿನ್ನಬೇಕೆಂದು ಬಂತು. ಉಪ್ಪಿಗೆ ಮೇಲ್ಮಿತಿ ಹಾಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಕಡೆಗೆ ಊಟ ಏನೆಂದು ನಿಶ್ಚಯಿಸಿದವರು ಅವನ ಹೆಂಡತಿ. ತೂಕವೂ ಇಳಿಯಿತಂತೆ.

ಈ ಕತೆ ಕೇಳಿದವರು ಯಂತ್ರದ ದಡ್ಡತನಕ್ಕೆ ನಗುತ್ತಾರೆ. ಯಂತ್ರ ತನಗೆ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿತ್ತು. ಮನುಷ್ಯ ಇಷ್ಟು ಉಪ್ಪು ತಿಂದರೆ ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಅದನ್ನು ಯಾರೂ ಬರೆಯಲಿಲ್ಲ. ಬಿಡಿಸುವ ವಿದ್ಯೆ ಆಮೇಲೆ ಎಲ್ಲಿಂದ ಎಲ್ಲಿಗೋ ಹೋಯಿತು. ನಮ್ಮ ಥಾಣೆಯ ಮಗ್ಗುಲಲ್ಲೇ ಇರುವ ಪವಾಯಿಯ ಐಐಟಿಯಲ್ಲಿ 1978ರಲ್ಲಿ ಪದವಿ ಪಡೆದ ನರೇಂದ್ರ ಕರ್ಮಾರ್ಕರ್, 1984ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದಾಗ, ಇಂಥ ಲೆಕ್ಕಗಳನ್ನು ಬಹುಮುಖಿಯ ಅಂಚುಗಳ ಮೇಲೆ ನಡೆಯುವ ಬದಲು ಒಡಲಿನೊಳಗಿಂದಲೇ ಹಾದು ಬಿಡಿಸುವ ಹೊಸ ಮಾರ್ಗ ತೋರಿಸಿ ಲೋಕಪ್ರಸಿದ್ಧರಾದರು. ಇಂದು ಸಾವಿರಾರು ನಿರ್ಬಂಧಗಳ ಲೆಕ್ಕ ಒಂದು ಸಾಧಾರಣ ಲ್ಯಾಪ್‌ಟಾಪಿಗೆ ನೀರು ಕುಡಿದಷ್ಟು ಸಲೀಸು. ಪ್ರಶ್ನೆಯನ್ನು ಬರೆಯುವ ಕೆಲಸ ಮಾತ್ರ ಡ್ಯಾಂಟ್ಸಿಗ್‌ನ ಊಟದ ಮೇಜಿನಷ್ಟೇ ಕಷ್ಟದ್ದಾಗಿ ಉಳಿದಿದೆ.

ಗುರಿಯ ಅಳತೆ ಎಂಬುದು ಎಷ್ಟು ಜಾರುವ ವಸ್ತು ಎಂದು ತಿಳಿಯಲು ಟಿಟ್ವಾಳಾದ ನಿವಾಸಿಗೆ ದೂರ ಹೋಗಬೇಕಿಲ್ಲ, ಲೋಕಲ್ ಗಾಡಿಯ ವೇಳಾಪಟ್ಟಿ ಸಾಕು. ಕಲ್ಯಾಣದಲ್ಲಿ ಹಳಿ ಕವಲೊಡೆಯುತ್ತದೆ. ಒಂದು ಕರ್ಜತ್ ಕಡೆಗೆ, ಇನ್ನೊಂದು ಶಹಾಡ್, ಆಂಬಿವಲಿ, ಟಿಟ್ವಾಳಾ ದಾಟಿ ಕಸಾರಾ ಕಡೆಗೆ. ಕಸಾರಾದ ಕವಲಿನಲ್ಲಿ ನಾಶಿಕದತ್ತ ಘಟ್ಟ ಏರುವ ದೂರದ ಗಾಡಿಗಳೂ ಸರಕು ಗಾಡಿಗಳೂ ನಮ್ಮ ಲೋಕಲ್‌ಗಳ ಜೊತೆಗೇ ಓಡಬೇಕು. ಮೂರನೆಯ ಹಳಿಯ ಕಾಮಗಾರಿ ವರ್ಷಗಳಿಂದ ಕೇಳಿಬರುತ್ತಿರುವ ಸಂಗತಿ. 2022ರಲ್ಲಿ ಥಾಣೆ-ದಿವಾ ನಡುವೆ ಐದನೆಯ ಮತ್ತು ಆರನೆಯ ಹಳಿಗಳು ಬಂದಾಗ ಆ ತುಂಡಿನ ಇಕ್ಕಟ್ಟು ಸಡಿಲವಾಯಿತು. ಕಲ್ಯಾಣದಾಚೆಯವರ ಪಾಲಿಗೆ ಇಕ್ಕಟ್ಟು ಇರುವಲ್ಲೇ ಇತ್ತು.

ಈಗ ವೇಳಾಪಟ್ಟಿ ಹೆಣೆಯುವವರು ಪ್ರಯಾಣಿಕರ ಸರಾಸರಿ ಕಾಯುವಿಕೆಯನ್ನು ಕಡಿಮೆ ಮಾಡುವುದೇ ಗುರಿಯೆಂದು ಇಟ್ಟುಕೊಂಡರು ಎನ್ನೋಣ. ಹತ್ತು ಮಂದಿಯಲ್ಲಿ ಒಂಬತ್ತು ಜನ ದಾದರ್‌-ಥಾಣೆಗಳ ನಡುವಿನವರು, ಒಬ್ಬ ಖಡವಲಿಯವನು. ಒಂದು ಬದಲಾವಣೆಯಿಂದ ಆ ಒಂಬತ್ತು ಜನಕ್ಕೂ ಎರಡೆರಡು ನಿಮಿಷ ಉಳಿದು, ಖಡವಲಿಯವನಿಗೆ ಹದಿನೈದು ನಿಮಿಷ ಹೆಚ್ಚಾದರೆ ಲೆಕ್ಕದ ಪ್ರಕಾರ ಅದು ಸುಧಾರಣೆ. 18 ನಿಮಿಷ ಗಳಿಕೆ, 15 ನಿಮಿಷ ನಷ್ಟ. ಗುರಿಯನ್ನು ಬದಲಿಸಿ, ಅತಿ ಹೆಚ್ಚು ಕಾಯುವವನ ಕಾಯುವಿಕೆಯನ್ನು ಕಡಿಮೆ ಮಾಡಿ ಎಂದರೆ ಇದೇ ಬದಲಾವಣೆ ಅನ್ಯಾಯವಾಗುತ್ತದೆ. ಎರಡೂ ಶುದ್ಧ ಗಣಿತವೇ. ಯಾವುದನ್ನು ಆರಿಸಬೇಕೆಂದು ಹೇಳುವ ಶಕ್ತಿ ಗಣಿತಕ್ಕಿಲ್ಲ.

ತಂತ್ರಾಂಶದಲ್ಲಿ ಈ ಖಡವಲಿಯವನು ಎಲ್ಲೆಡೆ ಇದ್ದಾನೆ. ಸರಾಸರಿ ಪ್ರತಿಕ್ರಿಯೆಯ ವೇಗ ಎಂಬ ಅಂಕಿಯನ್ನು ಸಭೆಯ ಪರದೆಯ ಮೇಲೆ ತೋರಿಸಿ ಬೆನ್ನು ತಟ್ಟಿಕೊಳ್ಳುವುದು ನಮ್ಮ ಕಸುಬಿನ ಹಳೆಯ ಚಾಳಿ. ಹಳೆಯ ಫೋನು, ನಿಧಾನದ ನೆಟ್‌ವರ್ಕು, ಸುರಂಗದೊಳಗೆ ಕಡಿದುಹೋಗುವ ಸಂಪರ್ಕ, ಇವೆಲ್ಲ ಸರಾಸರಿಯಲ್ಲಿ ಕರಗಿಹೋಗುತ್ತವೆ. ಅನುಭವಿಗಳು ಅದಕ್ಕೇ ನೂರರಲ್ಲಿ ತೊಂಬತ್ತೊಂಬತ್ತನೆಯವನ ಅನುಭವವನ್ನು ಅಳೆಯಿರಿ ಎನ್ನುತ್ತಾರೆ. ಇದು ಬರಿಯ ಕರುಣೆಯ ಮಾತೆಂದು ತಿಳಿಯಬಾರದು. ಒಂದು ಪುಟ ತೆರೆಯಲು ಹಿಂದುಗಡೆ ನೂರು ಚಿಕ್ಕ ಸೇವೆಗಳನ್ನು ಕೇಳಬೇಕಿದೆ, ಪ್ರತಿ ಸೇವೆಯೂ ನೂರಕ್ಕೊಂದು ಸಲ ಮಾತ್ರ ತಡಮಾಡುತ್ತದೆ ಎಂದಿಟ್ಟುಕೊಳ್ಳಿ. ನೂರೂ ಸರಿಯಾದ ಹೊತ್ತಿಗೆ ಉತ್ತರಿಸುವ ಸಂಭವ ಶೇಕಡ 37 ಮಾತ್ರ. ಅಂದರೆ ಮೂವರಲ್ಲಿ ಇಬ್ಬರ ಹತ್ತಿರಹತ್ತಿರ ಜನ ಯಾವುದೋ ಒಂದು ಸೇವೆಯ ತಡದಲ್ಲಿ ಸಿಕ್ಕಿಕೊಳ್ಳುತ್ತಾರೆ. ಅಂಚಿನವನೆಂದು ಬಿಟ್ಟವನೇ ಬಹುಸಂಖ್ಯಾತನಾಗಿ ಹಿಂದಿರುಗಿ ಬರುವ ಈ ಲೆಕ್ಕವನ್ನು ನಾನು ಪ್ರತಿ ಹೊಸ ತಂಡಕ್ಕೂ ಮೊದಲ ವಾರದಲ್ಲೇ ಹೇಳುತ್ತೇನೆ.

ಕನ್ನಡದ ಓದುಗರಿಗೆ ಇನ್ನೂ ಹತ್ತಿರದ ಉದಾಹರಣೆ ಕೀಲಿಮಣೆಯದು. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸವನ್ನು ಮಾನಕವೆಂದು ತಂದಿತು. ಎಡಗೈಗೆ ಸ್ವರಗಳು, ಬಲಗೈಗೆ ವ್ಯಂಜನಗಳು. ಭಾರತದ ಲಿಪಿಗಳಿಗೆಲ್ಲ ಒಂದೇ ಜೋಡಣೆ. ದೇವನಾಗರಿ ಕಲಿತವನ ಬೆರಳು ಕನ್ನಡಕ್ಕೂ ಸಲ್ಲುತ್ತದೆ. ನಿಜಕ್ಕೂ ಅಚ್ಚುಕಟ್ಟಾದ ಕೆಲಸ. ಅದರಲ್ಲಿ ‘ಮ’ ಬೇಕೆಂದರೆ ಇಂಗ್ಲಿಷ್ ‘ಸಿ’ ಇರುವ ಕೀಲಿಯನ್ನು ಒತ್ತಬೇಕು, ‘ಗ’ ಬೇಕೆಂದರೆ ‘ಐ’ ಇರುವುದನ್ನು. ಮಂಗಳೂರು ಸೀಮೆಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದು, ಮುಂದೆ ಅಕ್ಷರ ಜೋಡಣೆಯ ಲೋಕದಲ್ಲಿ ದುಡಿದವರು. ಅವರು ರೂಪಿಸಿದ ವಿನ್ಯಾಸದಲ್ಲಿ ‘ಎಂ’ ಒತ್ತಿದರೆ ‘ಮ’, ‘ಜಿ’ ಒತ್ತಿದರೆ ‘ಗ’, ಶಿಫ್ಟ್ ಹಿಡಿದು ‘ಕೆ’ ಒತ್ತಿದರೆ ‘ಖ’. ಇಂಗ್ಲಿಷ್ ಕೀಲಿಮಣೆಯನ್ನು ಬಲ್ಲವನು ಮಧ್ಯಾಹ್ನ ಕುಳಿತರೆ ಸಂಜೆಯ ಹೊತ್ತಿಗೆ ಕನ್ನಡ ಬರೆಯುತ್ತಾನೆ. ಕರ್ನಾಟಕ ಸರ್ಕಾರ ಇದನ್ನೇ ಒಪ್ಪಿತು. ‘ನುಡಿ’ಯ ಮೂಲಕ ಅದು ಕಚೇರಿ ಕಚೇರಿಗೆ ಹೋಯಿತು.

ಎರಡರಲ್ಲಿ ಉತ್ತಮ ಯಾವುದು? ಇಡೀ ದೇಶಕ್ಕೆ ಒಂದು ಜೋಡಣೆ ಎಂಬುದು ಗುರಿಯಾದರೆ ಇನ್‌ಸ್ಕ್ರಿಪ್ಟ್ ಗೆಲ್ಲುತ್ತದೆ. ಕನ್ನಡದಲ್ಲಿ ಬರೆಯಲು ಆರಂಭಿಸುವವನ ಮೊದಲ ದಿನದ ಶ್ರಮ ಕನಿಷ್ಠವಾಗಬೇಕು ಎಂದರೆ ರಾಯರ ವಿನ್ಯಾಸ ಗೆಲ್ಲುತ್ತದೆ. ಆ ಮೊದಲ ದಿನದಲ್ಲೇ ಸೋತು ಕೈಬಿಡುವವರು ಬಹಳ ಮಂದಿ ಎಂಬುದನ್ನು ರಾಯರು ಕಂಡುಕೊಂಡಿದ್ದರು ಎಂದು ನನಗೆ ತೋರುತ್ತದೆ. ಬೆರಳ ವೇಗವನ್ನು ಅಳೆಯುವ ಯಾವ ಪಟ್ಟಿಯಲ್ಲೂ ಅವರ ಎಣಿಕೆ ಬರುವುದಿಲ್ಲ, ಏಕೆಂದರೆ ಅವರು ಬರೆಯುವುದೇ ಇಲ್ಲ.

ಬರೆಯದವರನ್ನು ಎಣಿಸುವುದು ಹೇಗೆ ಎಂಬ ಈ ಪ್ರಶ್ನೆ ನನ್ನ ಕಸುಬಿನ ಜೀವನದಲ್ಲಿ ಒಮ್ಮೆ ಬಹಳ ನೇರವಾಗಿ ಎದುರಾಯಿತು. ನಾನು ಕೆಲಸಕ್ಕಿದ್ದ ಕಂಪನಿಯೊಂದರಲ್ಲಿ, ಜನಸಾಮಾನ್ಯರು ಬಳಸುವ ಆ್ಯಪ್ ಒಂದಕ್ಕೆ ಯಾವ ಭಾರತೀಯ ಭಾಷೆಗಳನ್ನು ಸೇರಿಸಬೇಕು ಎಂಬ ಚರ್ಚೆ. ಹಾಳೆ ಬಂತು. ಭಾಷೆಯೊಂದರ ಅಂಕವೆಂದರೆ, ಈಗಿರುವ ಬಳಕೆದಾರರಲ್ಲಿ ತಮ್ಮ ಫೋನನ್ನು ಆ ಭಾಷೆಯಲ್ಲಿ ಇಟ್ಟುಕೊಂಡವರ ಸಂಖ್ಯೆ. ಕನ್ನಡಕ್ಕೆ ಬಂದ ಅಂಕ ಎಷ್ಟು ಕಡಿಮೆಯೆಂದರೆ ಅದು ಮೊದಲ ಸುತ್ತಿನಲ್ಲೇ ಹೊರಬಿತ್ತು. 2011ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿಯೆಂದವರು ನಾಲ್ಕು ಕೋಟಿ ಮೂವತ್ತೇಳು ಲಕ್ಷ, ಮಹಾರಾಷ್ಟ್ರದಲ್ಲೇ ಸುಮಾರು ಹತ್ತು ಲಕ್ಷ ಎಂದು ನಾನು ಹೇಳಿದೆ. ಜನಗಣತಿ ನಮ್ಮ ದತ್ತಾಂಶವಲ್ಲ ಎಂಬ ಉತ್ತರ ಬಂತು. ಕನ್ನಡದಲ್ಲಿ ಆ್ಯಪ್ ಇಲ್ಲದ್ದರಿಂದ ಜನ ಫೋನನ್ನು ಇಂಗ್ಲಿಷಿನಲ್ಲಿ ಇಟ್ಟುಕೊಂಡಿದ್ದರು. ಫೋನು ಇಂಗ್ಲಿಷಿನಲ್ಲಿದ್ದದ್ದರಿಂದ ಕನ್ನಡದಲ್ಲಿ ಆ್ಯಪ್ ಬೇಕಿಲ್ಲವೆಂದಾಯಿತು. ಹಿಂದಿನ ನಿರ್ಧಾರವೇ ಹುಟ್ಟಿಸಿದ ಅಂಕಿಯನ್ನು ಮುಂದಿನ ನಿರ್ಧಾರಕ್ಕೆ ಸಾಕ್ಷಿಯಾಗಿ ಕರೆದು ನಿಲ್ಲಿಸುವ ಈ ವರ್ತುಲವನ್ನು ಯಾವ ಸಿಂಪ್ಲೆಕ್ಸ್ ವಿಧಾನವೂ ಮುರಿಯಲಾರದು.

ಖರ್ಚಿನ ಕಡೆಯ ಲೆಕ್ಕವೂ ನಮ್ಮ ವಿರುದ್ಧವಾಗಿಯೇ ಇತ್ತು, ಅದನ್ನು ಮರೆಮಾಚಲಾರೆ. ಎಸ್ಸೆಮ್ಮೆಸ್ ಒಂದರಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸಿದರೆ ಕನ್ನಡದ ಸಂಕೇತಗಳು 70 ಮಾತ್ರ. ಅದರಲ್ಲೂ ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಸಂಕೇತಗಳನ್ನು ನುಂಗುತ್ತದೆ. ಯುಟಿಎಫ್-8 ಎಂಬ ಇಂದಿನ ಸಾರ್ವತ್ರಿಕ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ಒಂದೇ ಒಕ್ಕಣೆಯ ಸಂದೇಶ ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ ಆಗುವಲ್ಲಿ ಕನ್ನಡದಲ್ಲಿ ಎರಡೋ ಮೂರೋ ಆಗುತ್ತದೆ. ಕೋಟ್ಯಂತರ ಸಂದೇಶ ಕಳಿಸುವ ಸಂಸ್ಥೆಯ ಲೆಕ್ಕಿಗನಿಗೆ ಇದು ಸಣ್ಣ ಮಾತಲ್ಲ. ಆದರೆ ಇನ್ನೊಂದು ಬದಿಯನ್ನು ಬರೆದವರಾರು? ತಮ್ಮ ಖಾತೆಯಿಂದ ಹಣ ಹೋಗಿದೆ ಎಂಬ ಸಂದೇಶವನ್ನು ಓದಲಾಗದೆ ಪಕ್ಕದ ಮನೆಯ ಹುಡುಗನಿಗೆ ಫೋನನ್ನೇ ಕೊಟ್ಟುಬಿಡುವ ಅಜ್ಜಿಯ ಅಪಾಯಕ್ಕೆ ಯಾವ ಕಾಲಮಿನಲ್ಲಿ ಜಾಗ? ಎಸ್ಸೆಮ್ಮೆಸ್ಸಿನ ದರ ಪೈಸೆಯ ಲೆಕ್ಕದಲ್ಲಿ ಸಿಗುತ್ತದೆ, ಆ ಅಪಾಯದ ದರ ಸಿಗುವುದಿಲ್ಲ. ದರ ಸಿಗದ್ದಕ್ಕೆ ಹಾಳೆ ಸೊನ್ನೆ ಎಂದು ಬರೆದುಕೊಳ್ಳುತ್ತದೆ. ಗೊತ್ತಿಲ್ಲ ಎಂಬುದೂ ಸೊನ್ನೆ ಎಂಬುದೂ ಒಂದೇ ಅಲ್ಲವೆಂದು ಶಾಲೆಯ ಮಗುವಿಗೂ ತಿಳಿದಿದೆ.

ಅದೇ ಕಂಪನಿಯಲ್ಲಿ ಮುಂದೊಮ್ಮೆ ಕಂಡದ್ದು ಇದಕ್ಕಿಂತ ಕೆಳಮಟ್ಟದ್ದು. ಎರಡು ವ್ಯವಸ್ಥೆಗಳಲ್ಲಿ ಒಂದನ್ನು ಆರಿಸಬೇಕಿತ್ತು. ಮೊದಲ ಸಲ ಕೂಡಿದಾಗ ಮೇಲಿನವರು ಬಯಸದ ವ್ಯವಸ್ಥೆ ಗೆದ್ದಿತು. ಮರುದಿನದ ಹಾಳೆಯಲ್ಲಿ ಖರ್ಚಿನ ತೂಕ 30 ಇದ್ದದ್ದು 40 ಆಗಿತ್ತು, ನಿರ್ವಹಣೆಯ ಸುಲಭತೆಯ ತೂಕ ಇಳಿದಿತ್ತು. ಫಲಿತಾಂಶ ಬಹಳ ಹತ್ತಿರ ಬಂದಿತ್ತು. ಮೂರನೆಯ ದಿನ ಭವಿಷ್ಯದ ವಿಸ್ತರಣೆ ಎಂಬ ಹೊಸ ಸಾಲೊಂದು ಹುಟ್ಟಿಕೊಂಡು, ಬೇಕಾದದ್ದು ಗೆದ್ದಿತು. ಹಿಂದಿನ ಕಾಲದ ಕೆಲವು ಅಂಗಡಿಯವರು ತಕ್ಕಡಿಯ ತಟ್ಟೆಯ ಅಡಿಗೆ ಹುಣಸೆಹಣ್ಣು ಅಂಟಿಸುತ್ತಿದ್ದರು. ಗಿರಾಕಿ ಮುಳ್ಳನ್ನಷ್ಟೇ ನೋಡುತ್ತಿದ್ದ. ಆ ವ್ಯವಸ್ಥೆ ರಾತ್ರಿಹೊತ್ತು ನಿಂತುಹೋಗುತ್ತಿದ್ದಾಗ ಫೋನು ಬರುತ್ತಿದ್ದದ್ದು ತೂಕ ಬದಲಿಸಿದವರಿಗಲ್ಲ. ಐರೋಳಿಯಿಂದ ಥಾಣೆಗೆ ಬಂದು ಅಲ್ಲಿಂದ ಟಿಟ್ವಾಳಾದ ಗಾಡಿ ಹಿಡಿದು ಮನೆಗೆ ಮುಟ್ಟಿ ಆಗಷ್ಟೇ ತಟ್ಟೆಯ ಮುಂದೆ ಕುಳಿತವರಿಗೆ. ಅಂಥ ಹುಡುಗರನ್ನು, ಹುಡುಗಿಯರನ್ನು ಬಲ್ಲೆ. ಒಬ್ಬಳು ಎರಡೇ ವರ್ಷಕ್ಕೆ ಈ ಕಸುಬನ್ನೇ ಬಿಟ್ಟಳು. ನಿರ್ವಹಣೆಯ ಸುಲಭತೆ ಎಂಬ ಸಾಲಿನ ಅರ್ಥ ಅವಳ ನಿದ್ದೆಯಾಗಿತ್ತು. ಅದನ್ನು ಹಾಗೆ ಬರೆದಿದ್ದರೆ ತೂಕ ಇಳಿಸುವ ಕೈ ಒಂದು ಕ್ಷಣವಾದರೂ ತಡೆಯುತ್ತಿತ್ತೇನೋ.

ಹಾಗಾದರೆ ಹಾಳೆಯನ್ನು ಹರಿದು ಹಾಕೋಣವೇ ಎಂದರೆ, ಬೇಡ. ಶಾಸ್ತ್ರವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಓದೋಣ. ಡ್ಯಾಂಟ್ಸಿಗ್‌ಗಿಂತ ಮೊದಲೇ, 1939ರಲ್ಲಿ, ಸೋವಿಯತ್ ಗಣಿತಜ್ಞ ಲಿಯೊನಿದ್ ಕಾಂತರೊವಿಚ್ ಪ್ಲೈವುಡ್ ಕಾರ್ಖಾನೆಗಳ ಒಂದು ಸಮಸ್ಯೆಯಿಂದ ಇದೇ ದಾರಿಯನ್ನು ತಲುಪಿದ್ದ. ಹಲವು ಬಗೆಯ ಯಂತ್ರಗಳು, ಹಲವು ಬಗೆಯ ಮರ. ಯಾವ ಯಂತ್ರಕ್ಕೆ ಯಾವ ಮರವನ್ನು ಕೊಟ್ಟರೆ ಉತ್ಪಾದನೆ ಹೆಚ್ಚುತ್ತದೆ? ಉತ್ತರದ ಜೊತೆಗೆ ಅವನಿಗೆ ಇನ್ನೊಂದು ವಸ್ತು ಸಿಕ್ಕಿತು. ಪ್ರತಿ ನಿರ್ಬಂಧಕ್ಕೂ ಒಂದು ಬೆಲೆ. ಈ ಯಂತ್ರ ಇನ್ನೊಂದು ತಾಸು ಹೆಚ್ಚು ದೊರೆತರೆ ಒಟ್ಟು ಗಳಿಕೆ ಎಷ್ಟು ಏರುತ್ತದೆ ಎಂಬ ಅಂಕಿ. ಇಂದು ಅದಕ್ಕೆ ನೆರಳು ಬೆಲೆ ಎಂಬ ಹೆಸರಿದೆ. ಬೆಲೆಯೆಂದರೆ ಶ್ರಮದಿಂದಷ್ಟೇ ಹುಟ್ಟುತ್ತದೆಂದು ನಂಬಿದ್ದ ಅವನ ದೇಶದ ಅಧಿಕೃತ ಸಿದ್ಧಾಂತಕ್ಕೆ ಇದು ಇರುಸುಮುರುಸಿನ ಸಂಗತಿಯಾಯಿತು. ಅವನ ಕೆಲಸಕ್ಕೆ ಮನ್ನಣೆ ಬರಲು ದಶಕಗಳೇ ಹಿಡಿದವು. 1975ರಲ್ಲಿ ಕೂಪ್‌ಮನ್ಸ್‌ ಜೊತೆಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ನೆರಳು ಬೆಲೆಯನ್ನು ನಮ್ಮ ಕಡೆಯ ಜನ ಹೆಸರು ತಿಳಿಯದೆಯೇ ಬಲ್ಲರು. ಥಾಣೆಯಿಂದ ಡೊಂಬಿವಲಿ, ಡೊಂಬಿವಲಿಯಿಂದ ಕಲ್ಯಾಣ, ಕಲ್ಯಾಣದಿಂದ ಟಿಟ್ವಾಳಾ ಎಂದು ಸಾಗಿದಂತೆ ಮನೆಯ ಚದರಡಿಯ ದರ ಇಳಿಯುತ್ತದಲ್ಲ, ಆ ಇಳಿತವೇ ರೈಲಿನಲ್ಲಿ ನಿಂತು ಕಳೆಯುವ ಒಂದೊಂದು ಹತ್ತು ನಿಮಿಷದ ಬೆಲೆ. ಮಗಳ ಕಾಲೇಜಿನ ಶುಲ್ಕಕ್ಕಾಗಿ ಡೊಂಬಿವಲಿಯ ಮನೆ ಮಾರಿ ಇಲ್ಲಿಗೆ ಬಂದ ಕುಟುಂಬ ಆ ಬೆಲೆಯನ್ನು ಪೈಸೆ ಪೈಸೆಗೆ ಲೆಕ್ಕ ಹಾಕಿಯೇ ಬಂದಿರುತ್ತದೆ. ಅವರು ಊರೂರಿನ ಎಲ್ಲ ಮನೆಗಳನ್ನು ತೂಗಿ ನೋಡಿ ಸರ್ವೋತ್ತಮವಾದುದನ್ನು ಆರಿಸಿದರೆಂದಲ್ಲ. ನೀರು ಬರಬೇಕು, ನಿಲ್ದಾಣಕ್ಕೆ ನಡೆದು ಹೋಗುವಂತಿರಬೇಕು, ಕಂತು ಇಷ್ಟನ್ನು ಮೀರಬಾರದು ಎಂದು ಗೆರೆ ಎಳೆದುಕೊಂಡು, ಅದಕ್ಕೊಪ್ಪಿದ ಮೊದಲ ಮನೆಗೆ ಮುಂಗಡ ಕೊಟ್ಟಿರುತ್ತಾರೆ. 1978ರಲ್ಲಿ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ ಮನುಷ್ಯರ, ಸಂಸ್ಥೆಗಳ ನಿಜವಾದ ತೀರ್ಮಾನಗಳೆಲ್ಲ ಬಹುಪಾಲು ಹೀಗೆಯೇ ಆಗುತ್ತವೆಂದು 1950ರ ದಶಕದಲ್ಲೇ ಪ್ರತಿಪಾದಿಸಿದ್ದ. ತಂತ್ರಾಂಶದ ಹೆಚ್ಚಿನ ಆಯ್ಕೆಗಳಿಗೂ ಇಷ್ಟೇ ಸಾಕು. ಮೂರು ದತ್ತಾಂಶ ಸಂಗ್ರಹಗಳಲ್ಲಿ ಯಾವುದನ್ನು ತಂದರೂ ನಡೆಯುವಂತಿರುವಾಗ ಮೂರು ವಾರ ಕುಳಿತು ದಶಮಾಂಶದ ಎರಡನೆಯ ಸ್ಥಾನದವರೆಗೆ ತೂಗುವವರನ್ನು ನೋಡಿದರೆ ನನಗೆ ಕನಿಕರವೇ ಹೆಚ್ಚು.

ಉಳಿದ ಕೆಲವು ನಿರ್ಧಾರಗಳು ನಿಜಕ್ಕೂ ಭಾರವಾದವು. ಅವುಗಳಿಗಾಗಿ ನಾನು ಕೇಳುವುದು ಇಷ್ಟು: ಗೆದ್ದದ್ದು ಯಾವುದೆಂದು ಹೇಳುವ ಮೊದಲು ನಿರ್ಬಂಧಗಳ ಬೆಲೆಯನ್ನು ಹೇಳಿ. ಮಾರ್ಚ್ 31ರೊಳಗೆ ಬಿಡುಗಡೆಯಾಗಬೇಕು ಎಂಬುದು ಹಾಳೆಯಲ್ಲಿ ಕಲ್ಲಿನಲ್ಲಿ ಕೊರೆದಂತೆ ಇರುತ್ತದೆ. ಅದನ್ನು ಏಪ್ರಿಲ್ 15 ಮಾಡಿದರೆ ಏನೇನು ಉಳಿಯುತ್ತದೆ, ಏನೇನು ಹೋಗುತ್ತದೆ? ನನ್ನ ಅನುಭವದಲ್ಲಿ ಹತ್ತರಲ್ಲಿ ಏಳೆಂಟು ಸಲ ಆ ದಿನಾಂಕದ ಹಿಂದೆ ಯಾರದೋ ಬಡ್ತಿಯ ಪಟ್ಟಿ ಇರುತ್ತದೆಯೇ ಹೊರತು ಗಿರಾಕಿಯ ಅಗತ್ಯವಿರುವುದಿಲ್ಲ. ಜೊತೆಗೆ, ಗೆದ್ದ ಆಯ್ಕೆ ಸೋಲಬೇಕಾದರೆ ಯಾವ ತೂಕ ಎಷ್ಟು ಬದಲಾಗಬೇಕು ಎಂಬುದನ್ನೂ ಅದೇ ಹಾಳೆಯಲ್ಲಿ ತೋರಿಸಿ. ಎರಡು ಅಂಶ ಕದಲಿದರೆ ಉರುಳುವ ಗೆಲುವು ಗೆಲುವೇ ಅಲ್ಲ. ಅಲ್ಲಿ ನಿರ್ಧರಿಸುತ್ತಿರುವುದು ಮನುಷ್ಯರು, ಅವರ ಹೆಸರು ಕೆಳಗಿರಲಿ. ತೂಕಗಳನ್ನು ಆಯ್ಕೆಗಳ ಪರಿಚಯವಾಗುವ ಮೊದಲೇ ನಿಗದಿ ಮಾಡಿ, ದಿನಾಂಕ ಹಾಕಿ ಇಡಿ. ಮತ್ತು ಅಂಕಿ ಸಿಗದ ಸಂಗತಿಗಳಿಗೊಂದು ಸಾಲು ಬಿಡಿ. ಅದರಲ್ಲಿ ಸೊನ್ನೆ ಬರೆಯದೆ ವಾಕ್ಯ ಬರೆಯಿರಿ. ಇದರಲ್ಲಿ ಯಾವುದಕ್ಕೂ ಹೊಸ ಗಣಿತ ಬೇಕಿಲ್ಲ.

ಒಂದು ತೊಡಕು ಮಾತ್ರ ಇವುಗಳಿಂದಲೂ ಬಗೆಹರಿಯದು. ಊಟದ ಲೆಕ್ಕ ಆ ದಿನಕ್ಕೆ ಮುಗಿಯುತ್ತದೆ, ತಂತ್ರಾಂಶದ ನಿರ್ಧಾರ ಅದನ್ನು ತೆಗೆದುಕೊಂಡವರಿಗಿಂತ ಹೆಚ್ಚು ಕಾಲ ಬಾಳುತ್ತದೆ. 80 ಕಾಲಮುಗಳ ರಂಧ್ರಪತ್ರದ ಕಾಲದಲ್ಲಿ ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದವರು ಮೂರ್ಖರಾಗಿರಲಿಲ್ಲ. ಅಂದು ನೆನಪಿನ ಕೋಶದ ಬೆಲೆ ಹಾಗಿತ್ತು. ಎರಡು ಕಾಲಮು ಉಳಿಸಿದ್ದು ಸರಿಯಾದ ಉತ್ತರವೇ ಆಗಿತ್ತು. ಬೆಲೆ ಇಳಿದ ಮೇಲೂ ಉತ್ತರ ಹಾಗೇ ಉಳಿಯಿತು. 1990ರ ದಶಕದ ಕೊನೆಯಲ್ಲಿ ಲೋಕವೆಲ್ಲ ಅದನ್ನು ತಿದ್ದಲು ಕುಳಿತಾಗ, ಆ ತಿದ್ದುವ ಕೂಲಿಯ ಮೇಲೆ ಮುಂಬಯಿ, ಚೆನ್ನೈ, ಬೆಂಗಳೂರುಗಳ ಎಷ್ಟೋ ಕಂಪನಿಗಳು ಬೆಳೆದವು. ನಮ್ಮ ಕಡೆಯ ಎಷ್ಟೋ ಮನೆಗಳ ಗೃಹಸಾಲ ತೀರಿದ್ದು ಆ ಎರಡು ಅಂಕಿಗಳಿಂದ ಎಂದರೂ ತಪ್ಪಿಲ್ಲ.

ಇನ್ನೊಂದು ಸರದಿಯಲ್ಲಿದೆ. ಯೂನಿಕ್ಸ್ ಪರಂಪರೆಯ ಯಂತ್ರಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸಿ ಕಾಲವನ್ನು ಹೇಳುತ್ತವೆ. ಆ ಎಣಿಕೆಗೆ 32 ಬಿಟ್ಟುಗಳಷ್ಟೇ ಜಾಗ ಕೊಟ್ಟಿರುವ ಕಡೆಗಳಲ್ಲಿ 214 ಕೋಟಿ 74 ಲಕ್ಷದ 83 ಸಾವಿರದ 647ಕ್ಕೆ ಪಾತ್ರೆ ತುಂಬಿ, ಮುಂದಿನ ಸೆಕೆಂಡಿಗೆ ಯಂತ್ರ 1901ರ ಡಿಸೆಂಬರಿಗೆ ಹಿಂದಿರುಗುತ್ತದೆ. ದೊಡ್ಡ ವ್ಯವಸ್ಥೆಗಳಲ್ಲಿ ಬಹಳಷ್ಟು 64 ಬಿಟ್ಟಿಗೆ ಬದಲಾಗಿವೆ. ಗೋಡೆಯೊಳಗೆ, ಪೆಟ್ಟಿಗೆಯೊಳಗೆ ಕುಳಿತು ಯಾರ ಕಣ್ಣಿಗೂ ಬೀಳದೆ ದುಡಿಯುವ ಚಿಕ್ಕ ಯಂತ್ರಗಳ ಮಾತು ಬೇರೆ. ಅವನ್ನು ಈಗ ಬದಲಿಸುವ ಖರ್ಚು ಯಾವ ವರ್ಷದ ಹಾಳೆಯಲ್ಲೂ ಗೆಲ್ಲುವುದಿಲ್ಲ, ಏಕೆಂದರೆ ಫಲ ಬರುವುದು ಆ ವರ್ಷದಲ್ಲಿ ಅಲ್ಲ. ಆ ಕ್ಷಣ ಬರುವುದು 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಗಿನ 8 ಗಂಟೆ 44 ನಿಮಿಷಕ್ಕೆ. ಅಂದು ಮಂಗಳವಾರ. ಟಿಟ್ವಾಳಾದ ಮಹಾಗಣಪತಿಯ ದರ್ಶನಕ್ಕೆ ಬರುವವರು ಒಂದು ಪ್ಲಾಟ್‌ಫಾರ್ಮಿನಲ್ಲಿ ಇಳಿಯುತ್ತಿರುತ್ತಾರೆ, ಕಚೇರಿಗೆ ಹೊರಟವರು ಇನ್ನೊಂದರಲ್ಲಿ ಫಾಸ್ಟ್ ಗಾಡಿಗೆ ಕಾಯುತ್ತಿರುತ್ತಾರೆ.